ಅನಿವಾಸಿ ಕಾಲೇಜು ಫುಟ್‌ಬಾಲ್ ವೀಕ್ಷಣಾ ಕೂಟಗಳು

ಅನಿವಾಸಿ ಕಾಲೇಜು ಫುಟ್‌ಬಾಲ್ ವೀಕ್ಷಣಾ ಕೂಟ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಹೊರಗೆ ನೆಲೆಸಿರುವ ಜನರು ಅಲ್ಲಿನ ವಿಶ್ವವಿದ್ಯಾಲಯ ತಂಡಗಳ ಫುಟ್‌ಬಾಲ್ ಪಂದ್ಯಗಳನ್ನು ಒಟ್ಟಾಗಿ ನೋಡಲು ಸೇರುವ ಸಭೆ. ಇಂಗ್ಲಿಷಿನಲ್ಲಿ ಇದನ್ನು ಸಾಮಾನ್ಯವಾಗಿ ವಾಚ್ ಪಾರ್ಟಿ ಅಥವಾ ಗೇಮ್ ವಾಚ್ ಎಂದು ಕರೆಯುತ್ತಾರೆ. ಲಂಡನ್, ಡಬ್ಲಿನ್, ಟೋಕಿಯೊ, ಸೋಲ್ ಮೊದಲಾದ ನಗರಗಳ ಮದ್ಯಗೃಹಗಳಲ್ಲಿ, ಅಮೆರಿಕದ ಸೇನಾ ನೆಲೆಗಳಲ್ಲಿ ಹಾಗೂ ಖಾಸಗಿ ಮನೆಗಳಲ್ಲಿ ಇಂಥ ಕೂಟಗಳು ನಡೆಯುತ್ತವೆ. ಆಗಸ್ಟ್ ಕೊನೆಯಿಂದ ಜನವರಿಯವರೆಗೆ ಇವುಗಳ ಕಾಲ.

ಇಲ್ಲಿ ಫುಟ್‌ಬಾಲ್ ಎಂದರೆ ಕನ್ನಡ ಓದುಗರಿಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಈ ಹೆಸರಿನ ಗೊಂದಲವೇ ಅನಿವಾಸಿ ಅಭಿಮಾನಿಯ ಮೊದಲ ತೊಡಕು ಎನ್ನಬಹುದು. ಬ್ರಿಟನ್ನಿನ ಯಾವ ಮದ್ಯಗೃಹದಲ್ಲಾದರೂ ಫುಟ್‌ಬಾಲ್ ಹಾಕಿ ಎಂದು ಕೇಳಿದರೆ ಪರದೆಯ ಮೇಲೆ ಬರುವುದು ಬೇರೆಯೇ ಆಟ.

ಆಟ ಮತ್ತು ನಿಷ್ಠೆ

ಮೊದಲ ಅಂತರ-ಕಾಲೇಜು ಫುಟ್‌ಬಾಲ್ ಪಂದ್ಯವೆಂದು ಪರಿಗಣಿಸಲಾಗುವುದು 1869ರ ನವೆಂಬರ್ 6ರಂದು ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದ ಆಟ. ಪ್ರತಿ ತಂಡದಲ್ಲೂ 25 ಮಂದಿ ಆಡಿದ ಆ ಪಂದ್ಯವನ್ನು ರಟ್ಗರ್ಸ್ 6–4ರಿಂದ ಗೆದ್ದಿತು. ವೃತ್ತಿಪರ ತಂಡಗಳು ಹುಟ್ಟಿದ್ದು ಆನಂತರ. ದೊಡ್ಡ ನಗರಗಳಿಲ್ಲದ, ವೃತ್ತಿಪರ ತಂಡಗಳಿಲ್ಲದ ಅನೇಕ ರಾಜ್ಯಗಳಲ್ಲಿ ಇಂದಿಗೂ ವಿಶ್ವವಿದ್ಯಾಲಯದ ತಂಡವೇ ಊರಿನ ತಂಡ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಅದು ಇರುವ ಆ್ಯನ್ ಆರ್ಬರ್ ಪಟ್ಟಣದ ಜನಸಂಖ್ಯೆ ಇದಕ್ಕಿಂತ ಬಹಳ ಹೆಚ್ಚೇನಲ್ಲ.

ಅನಿವಾಸಿ ಕೂಟಗಳನ್ನು ಅರ್ಥ ಮಾಡಿಕೊಳ್ಳಲು ಈ ಹಿನ್ನೆಲೆ ಅಗತ್ಯ. ಕೂಟಕ್ಕೆ ಬರುವವರನ್ನು ಬೆಸೆಯುವುದು ಅಮೆರಿಕನ್ ಪೌರತ್ವವಲ್ಲ, ಒಂದು ನಿರ್ದಿಷ್ಟ ವಿಶ್ವವಿದ್ಯಾಲಯದ, ಹಲವೊಮ್ಮೆ ಒಂದು ಚಿಕ್ಕ ಊರಿನ ನೆನಪು. ಅಲಬಾಮಾ ಮತ್ತು ಆಬರ್ನ್ ವಿಶ್ವವಿದ್ಯಾಲಯಗಳ ಅಭಿಮಾನಿಗಳು ಒಂದೇ ರಾಜ್ಯದವರಾದರೂ, ಪರದೇಶದಲ್ಲಿಯೂ ಎದುರುಬದುರು ಮೇಜುಗಳಲ್ಲಿ ಕೂರುವರೇ ಹೊರತು ಒಂದೇ ಮೇಜಿನಲ್ಲಿ ಕೂರುವುದು ಅಪರೂಪ. ಅಮೆರಿಕದಲ್ಲಿ ಓದಿ ತಾಯ್ನಾಡಿಗೆ ಮರಳಿದ ಜಪಾನೀಯರು, ಕೊರಿಯನ್ನರು, ಭಾರತೀಯರೂ ಇಂಥ ಕೂಟಗಳಲ್ಲಿ ಸೇರುವುದುಂಟು. ಅವರು ಅನಿವಾಸಿಗಳಲ್ಲ. ಆದರೂ ಶನಿವಾರದ ಮಟ್ಟಿಗೆ ಅವರ ಸ್ಥಿತಿ ಅನಿವಾಸಿಗಳದ್ದೇ.

ವಿಶ್ವವಿದ್ಯಾಲಯದಲ್ಲಿ ಓದದೆಯೂ ಅಭಿಮಾನಿಗಳಾದವರ ಪರಂಪರೆ ನೋಟ್ರ್ ಡೇಮ್ ತಂಡದಲ್ಲಿ ಪ್ರಸಿದ್ಧವಾಗಿದೆ. ನ್ಯೂಯಾರ್ಕಿನಲ್ಲಿ ಈ ತಂಡ ಆರ್ಮಿ ತಂಡದೊಡನೆ ಆಡುತ್ತಿದ್ದ ಕಾಲದಲ್ಲಿ, ಸುರಂಗ ರೈಲಿನಲ್ಲಿ ಬಂದು ನೋಡುತ್ತಿದ್ದ ಐರಿಷ್ ಮತ್ತಿತರ ಕ್ಯಾಥೊಲಿಕ್ ವಲಸಿಗರನ್ನು ‘ಸಬ್‌ವೇ ಅಲಮ್ನೈ’ ಎಂದರೆ ಸುರಂಗ ರೈಲಿನ ಹಳೆಯ ವಿದ್ಯಾರ್ಥಿಗಳು ಎಂದು ಕರೆಯಲಾಯಿತು.

ಗಡಿಯಾರದ ಸಮಸ್ಯೆ

ಕೂಟಗಳ ಸ್ವರೂಪವನ್ನು ನಿರ್ಧರಿಸುವುದು ಮುಖ್ಯವಾಗಿ ಗಡಿಯಾರ. ಶನಿವಾರದ ಪಂದ್ಯಗಳು ಸಾಮಾನ್ಯವಾಗಿ ಅಮೆರಿಕದ ಪೂರ್ವ ಕರಾವಳಿಯ ಕಾಲಮಾನದಂತೆ ಮಧ್ಯಾಹ್ನ 12ಕ್ಕೆ, 3:30ಕ್ಕೆ ಮತ್ತು ಸಂಜೆ 7ರ ನಂತರ ಆರಂಭವಾಗುತ್ತವೆ. ಪಶ್ಚಿಮ ಕರಾವಳಿಯ ಕೆಲವು ಪಂದ್ಯಗಳು ಪೂರ್ವದವರಿಗೆ ರಾತ್ರಿ 10:30ಕ್ಕೆ ಶುರುವಾಗುವುದೂ ಉಂಟು. ಆಟದ ಲೆಕ್ಕದ ಅವಧಿ 60 ನಿಮಿಷವಾದರೂ, ನಿಲುಗಡೆ, ಜಾಹೀರಾತು, ವಿರಾಮಗಳೆಲ್ಲ ಸೇರಿ ಒಂದು ಪಂದ್ಯ ಮುಗಿಯಲು ಸುಮಾರು ಮೂರೂವರೆ ಗಂಟೆ ಬೇಕು.

ಸೆಪ್ಟೆಂಬರ್‌ನಲ್ಲಿ ಮಧ್ಯಾಹ್ನ 12ರ ಪಂದ್ಯ ಲಂಡನ್ನಿನಲ್ಲಿ ಸಂಜೆ 5ಕ್ಕೆ, ಬರ್ಲಿನ್ನಿನಲ್ಲಿ 6ಕ್ಕೆ, ಬೆಂಗಳೂರಿನಲ್ಲಿ ರಾತ್ರಿ 9:30ಕ್ಕೆ ಆರಂಭವಾಗುತ್ತದೆ. ಟೋಕಿಯೊದಲ್ಲಿ ಅದು ಭಾನುವಾರ ನಸುಕಿನ 1 ಗಂಟೆ. 3:30ರ ಪಂದ್ಯ ಬೆಂಗಳೂರಿಗೆ ನಡುರಾತ್ರಿ 1ಕ್ಕೂ, ಟೋಕಿಯೊಗೆ ಬೆಳಗಿನ ಜಾವ 4:30ಕ್ಕೂ ಬರುತ್ತದೆ. ಸಂಜೆ 7:30ರ ಪಂದ್ಯ ಲಂಡನ್ನಿನವರ ನಿದ್ದೆಗೆಡಿಸಿದರೆ, ಟೋಕಿಯೊದವರಿಗೆ ಭಾನುವಾರ ಬೆಳಿಗ್ಗೆ 8:30ರ ಹಿತವಾದ ಹೊತ್ತಿಗೆ ಸಿಗುತ್ತದೆ. ಆದ್ದರಿಂದ ಯೂರೋಪಿನ ಕೂಟಗಳು ಸಂಜೆಯ ಊಟದ ಕೂಟಗಳಾದರೆ, ಪೂರ್ವ ಏಷ್ಯಾದವು ಅನೇಕ ವೇಳೆ ಬೆಳಗಿನ ಉಪಾಹಾರದ ಕೂಟಗಳು. ಭಾರತಕ್ಕೆ ದೊರೆಯುವುದು ಇವೆರಡರ ನಡುವಿನ, ಅಷ್ಟೇನೂ ಅನುಕೂಲವಲ್ಲದ ಹೊತ್ತು. ಇದೇ ಕಷ್ಟ ಎದುರು ದಿಕ್ಕಿನಲ್ಲಿ ಅಮೆರಿಕದ ಕನ್ನಡಿಗರಿಗೂ ಇದೆ. ಭಾರತದಲ್ಲಿ ಸಂಜೆ 7:30ಕ್ಕೆ ಆರಂಭವಾಗುವ ಐಪಿಎಲ್ ಪಂದ್ಯ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ 7ಕ್ಕೆ ಶುರುವಾಗುತ್ತದೆ. ರಾಯಲ್ ಚಾಲೆಂಜರ್ಸ್ ಬೆಂಗಳೂರು ಮೊದಲ ಬಾರಿಗೆ ಪ್ರಶಸ್ತಿ ಗೆದ್ದ 2025ರ ಜೂನ್ 3 ಅಲ್ಲಿ ಮಂಗಳವಾರದ ಕೆಲಸದ ದಿನವಾಗಿತ್ತು.

ಗಡಿಯಾರ ತಿದ್ದುವ ಪದ್ಧತಿ ಇನ್ನೊಂದು ತೊಡಕು. ಬ್ರಿಟನ್ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಅಮೆರಿಕ 2007ರಿಂದ ಈ ಕೆಲಸವನ್ನು ನವೆಂಬರ್‌ನ ಮೊದಲ ಭಾನುವಾರ ಮಾಡುತ್ತಿದೆ. ನಡುವಿನ ಒಂದೇ ಒಂದು ಶನಿವಾರ ಲಂಡನ್ನಿನಲ್ಲಿ ಪಂದ್ಯ 5ರ ಬದಲು 4ಕ್ಕೇ ಆರಂಭವಾಗುತ್ತದೆ. ಎಂದಿನ ಹೊತ್ತಿಗೆ ಬಂದವರು ಮೊದಲ ಒಂದು ಗಂಟೆಯ ಆಟವನ್ನು ಕಳೆದುಕೊಳ್ಳುತ್ತಾರೆ. ಭಾರತ ಮತ್ತು ಜಪಾನ್ ಗಡಿಯಾರ ತಿದ್ದುವುದಿಲ್ಲವಾದ್ದರಿಂದ ಅಲ್ಲಿ ನವೆಂಬರ್‌ನಿಂದ ಮುಂದೆ ಎಲ್ಲ ಪಂದ್ಯಗಳೂ ಒಂದು ಗಂಟೆ ತಡ.

ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನಿನ ಮಗ್ಗುಲೂ ಇತ್ತು. 2005ರ ನವೆಂಬರ್‌ವರೆಗೆ ಅಲ್ಲಿನ ಸಾಮಾನ್ಯ ಮದ್ಯಗೃಹಗಳು ವಾರದ ದಿನಗಳಲ್ಲಿ ಹಾಗೂ ಶನಿವಾರ ರಾತ್ರಿ 11ಕ್ಕೆ ಮಾರಾಟ ನಿಲ್ಲಿಸಬೇಕಿತ್ತು. ಲಂಡನ್ನಿನ ವೇಳೆಯಲ್ಲಿ 8:30ಕ್ಕೆ ಆರಂಭವಾಗುವ ಪಂದ್ಯ ಮುಗಿಯುವುದು ನಡುರಾತ್ರಿಗೆ. ಅಂದರೆ ಕೊನೆಯ ಕಾಲುಭಾಗದ ಹೊತ್ತಿಗೆ ಗಂಟೆ ಬಾರಿಸಿ ಜನರನ್ನು ಹೊರಡಿಸುವ ಸಮಯವಾಗಿರುತ್ತಿತ್ತು. 2003ರ ಪರವಾನಗಿ ಕಾಯ್ದೆ 2005ರ ನವೆಂಬರ್ 24ರಿಂದ ಜಾರಿಗೆ ಬಂದು, ಹೆಚ್ಚಿನ ಅವಧಿಗೆ ಅನುಮತಿ ಪಡೆಯುವ ದಾರಿ ತೆರೆಯಿತು. 2013ರ ನವೆಂಬರ್ 30ರ ಅಲಬಾಮಾ–ಆಬರ್ನ್ ಪಂದ್ಯವನ್ನು ಉದಾಹರಣೆಗೆ ನೋಡಬಹುದು. ಅಂಕ 28–28ರ ಸಮದಲ್ಲಿದ್ದಾಗ, ಕೊನೆಯ ಸೆಕೆಂಡಿನಲ್ಲಿ ಅಲಬಾಮಾ ಒದ್ದ ಚೆಂಡು ಗುರಿ ಮುಟ್ಟಲಿಲ್ಲ. ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಅಂಗಳದ ತುದಿಯಲ್ಲಿ ಹಿಡಿದು ಇನ್ನೊಂದು ತುದಿಯವರೆಗೂ ಓಡಿ ಪಂದ್ಯ ಗೆಲ್ಲಿಸಿದ. ಆಗ ಲಂಡನ್ನಿನಲ್ಲಿ ನಡುರಾತ್ರಿಯ ಆಸುಪಾಸು. ಹಳೆಯ ಕಾನೂನಿನ ಕಾಲವಾಗಿದ್ದರೆ ಆ ಓಟವನ್ನು ಮದ್ಯಗೃಹದಲ್ಲಿ ಕುಳಿತು ನೋಡುವುದು ಕಷ್ಟವಿತ್ತು.

ಪ್ರಸಾರ

ದೂರದರ್ಶನಕ್ಕೆ ಮುನ್ನ ಪರದೇಶದಲ್ಲಿದ್ದ ಅಭಿಮಾನಿಗೆ ಇದ್ದ ಆಸರೆ ಪತ್ರಿಕೆ ಮತ್ತು ಹ್ರಸ್ವತರಂಗ ರೇಡಿಯೊ. ಪ್ಯಾರಿಸ್‌ನಿಂದ ಹೊರಡುತ್ತಿದ್ದ ಇಂಟರ್‌ನ್ಯಾಷನಲ್ ಹೆರಾಲ್ಡ್ ಟ್ರಿಬ್ಯೂನ್‌ಗೆ ಭಾನುವಾರದ ಸಂಚಿಕೆ ಇರಲಿಲ್ಲವಾದ್ದರಿಂದ ಶನಿವಾರದ ಫಲಿತಾಂಶವನ್ನು ಅದರಲ್ಲಿ ಓದಲು ಸೋಮವಾರದವರೆಗೆ ಕಾಯಬೇಕಿತ್ತು. ವಿಡಿಯೊ ಕ್ಯಾಸೆಟ್‌ಗಳು ಬಂದ ಮೇಲೆ ಪಂದ್ಯವನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸುವುದು ಸಾಧ್ಯವಾಯಿತು. ಆದರೆ ಅಮೆರಿಕದ ಎನ್‌ಟಿಎಸ್‌ಸಿ ಮಾದರಿಯ ಕ್ಯಾಸೆಟ್ ಬ್ರಿಟನ್ನಿನ ಸಾಧಾರಣ ಪಾಲ್ ಮಾದರಿಯ ಯಂತ್ರದಲ್ಲಿ ಓಡುತ್ತಿರಲಿಲ್ಲ. ಎನ್‌ಟಿಎಸ್‌ಸಿ ಪದ್ಧತಿಯನ್ನೇ ಬಳಸುತ್ತಿದ್ದ ಜಪಾನಿನಲ್ಲಿ ಈ ತೊಂದರೆ ಇರಲಿಲ್ಲ.

ಸ್ವತಃ ಅಮೆರಿಕದಲ್ಲಿಯೇ ಬಹುಕಾಲ ಕೆಲವೇ ಪಂದ್ಯಗಳು ದೂರದರ್ಶನದಲ್ಲಿ ಬರುತ್ತಿದ್ದವು. ಕಾಲೇಜು ಕ್ರೀಡೆಗಳ ನಿಯಂತ್ರಕ ಸಂಸ್ಥೆಯಾದ ಎನ್‌ಸಿಎಎ ಪ್ರಸಾರದ ಸಂಖ್ಯೆಗೆ ಮಿತಿ ಹಾಕಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಹೂಡಿದ ಮೊಕದ್ದಮೆಯಲ್ಲಿ 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಏಕಸ್ವಾಮ್ಯವನ್ನು ಮುರಿಯಿತು. ಆನಂತರ ಇಎಸ್‌ಪಿಎನ್‌ನಂಥ ವಾಹಿನಿಗಳಲ್ಲಿ ಪಂದ್ಯಗಳು ಹೆಚ್ಚಿದವು. 2007ರಲ್ಲಿ ಬಿಗ್ ಟೆನ್, 2014ರಲ್ಲಿ ಎಸ್‌ಇಸಿ ಒಕ್ಕೂಟಗಳ ಹೆಸರಿನಲ್ಲಿಯೇ ವಾಹಿನಿಗಳು ಬಂದವು.

ಅಂತರಜಾಲ ಪ್ರಸಾರದ ಆರಂಭದಲ್ಲಿ ದೂರದ ಹಳೆಯ ವಿದ್ಯಾರ್ಥಿಗಳ ಹಂಬಲಕ್ಕೂ ಪಾಲುಂಟು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮಾರ್ಕ್ ಕ್ಯೂಬನ್ ಮತ್ತು ಟಾಡ್ ವ್ಯಾಗ್ನರ್ 1995ರಲ್ಲಿ ಟೆಕ್ಸಸ್‌ನಿಂದ ತಮ್ಮ ಕಾಲೇಜಿನ ಪಂದ್ಯಗಳನ್ನು ಕೇಳುವ ಬಯಕೆಯಿಂದ ಆಡಿಯೊನೆಟ್ ಉದ್ಯಮಕ್ಕೆ ಇಳಿದರು. ಅವರು ಬಯಸಿದ್ದು ಬ್ಯಾಸ್ಕೆಟ್‌ಬಾಲ್ ವೀಕ್ಷಕವಿವರಣೆಯನ್ನು, ಆದರೆ ಅದೇ ದಾರಿಯಲ್ಲಿ ಫುಟ್‌ಬಾಲ್ ಕೂಡ ಸಾಗರ ದಾಟಿತು. 2005ರಲ್ಲಿ ಮಾರುಕಟ್ಟೆಗೆ ಬಂದ ಸ್ಲಿಂಗ್‌ಬಾಕ್ಸ್ ಎಂಬ ಪೆಟ್ಟಿಗೆಯನ್ನು ತವರಿನ ಟಿವಿಗೆ ಜೋಡಿಸಿ, ಅಲ್ಲಿನ ವಾಹಿನಿಯನ್ನು ಪರದೇಶದ ಕಂಪ್ಯೂಟರಿನಲ್ಲಿ ನೋಡಬಹುದಾಗಿತ್ತು. ತಂದೆತಾಯಿಯ ಮನೆಯ ಪಡಸಾಲೆಯಲ್ಲಿ ಇಂಥ ಪೆಟ್ಟಿಗೆ ಇಟ್ಟು ಬಂದವನೇ ಕೂಟದ ಆಧಾರಸ್ತಂಭ. ತಯಾರಕರು 2022ರ ನವೆಂಬರ್ 9ರಂದು ಅದರ ಸರ್ವರ್‌ಗಳನ್ನು ಮುಚ್ಚಿದ ಮೇಲೆ ಆ ಪೆಟ್ಟಿಗೆಗಳು ನಿರುಪಯುಕ್ತವಾದವು. ಈಗ ಹೆಚ್ಚಿನವರು ಚಂದಾ ಆಧಾರಿತ ಸ್ಟ್ರೀಮಿಂಗ್ ಸೇವೆಗಳನ್ನು ಅವಲಂಬಿಸಿದ್ದಾರೆ. ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಒಂದು ಕಡೆ ದೊರೆಯುವ ಪಂದ್ಯ ಇನ್ನೊಂದು ಕಡೆ ದೊರೆಯದಿರಬಹುದು.

ಕೂಟದ ಸ್ವರೂಪ

ಕೂಟಗಳನ್ನು ಬಹುಮಟ್ಟಿಗೆ ಹಳೆಯ ವಿದ್ಯಾರ್ಥಿಗಳ ಸಂಘಗಳ ಸ್ಥಳೀಯ ಶಾಖೆಗಳು ನಡೆಸುತ್ತವೆ. ಹಲವೆಡೆ ಒಬ್ಬಿಬ್ಬರು ಉತ್ಸಾಹಿಗಳೇ ಇಡೀ ಶಾಖೆ. ಮದ್ಯಗೃಹದ ಮಾಲೀಕನನ್ನು ಒಪ್ಪಿಸುವುದು ಅವರ ಮುಖ್ಯ ಕೆಲಸ. ಇಂಗ್ಲೆಂಡಿನಲ್ಲಿ ಶನಿವಾರ ಸಂಜೆ 5:30ಕ್ಕೆ ಪ್ರೀಮಿಯರ್ ಲೀಗ್ ಪಂದ್ಯವಿರುತ್ತದೆ. ದೊಡ್ಡ ಪರದೆ, ಧ್ವನಿ ಎರಡೂ ಅದರ ಪಾಲು. ಹತ್ತು ಹದಿನೈದು ಅಮೆರಿಕನ್ನರಿಗೆ ಮೂಲೆಯ ಚಿಕ್ಕ ಪರದೆ ಸಿಕ್ಕರೆ ಅದೇ ದೊಡ್ಡದು, ಅದೂ ಧ್ವನಿಯಿಲ್ಲದೆ. ಅವರು ಎಷ್ಟು ತಿಂದು ಕುಡಿಯುತ್ತಾರೆ ಎಂಬುದರ ಮೇಲೆ ಮುಂದಿನ ವಾರದ ಪರದೆ ನಿಂತಿರುತ್ತದೆ.

ತವರಿನಲ್ಲಿ ಪಂದ್ಯಕ್ಕೆ ಮುನ್ನ ಕ್ರೀಡಾಂಗಣದ ಹೊರಗೆ ವಾಹನಗಳ ಹಿಂಬದಿ ತೆರೆದು, ಮಾಂಸ ಸುಟ್ಟು ಹಂಚಿಕೊಂಡು ತಿನ್ನುವ ‘ಟೇಲ್‌ಗೇಟ್’ ಪದ್ಧತಿಯಿದೆ. ಪರದೇಶದಲ್ಲಿ ಅದರ ಛಾಯೆಯಾಗಿ ಕೋಳಿ ರೆಕ್ಕೆ, ಚಿಲಿ, ಹ್ಯಾಂಬರ್ಗರ್ ಉಳಿಯುತ್ತವೆ. ಬಣ್ಣದ ಅಂಗಿ, ಟೊಪ್ಪಿಗೆ, ಘೋಷಣೆಗಳೇ ಗುರುತು. ಓಹಿಯೊ ಸ್ಟೇಟ್ ಅಭಿಮಾನಿಯೊಬ್ಬ ‘ಓ-ಎಚ್’ ಎಂದು ಕೂಗಿದರೆ ಅಪರಿಚಿತನಾದರೂ ‘ಐ-ಓ’ ಎಂದು ಮರುನುಡಿಯಬೇಕು. ನಾಲ್ವರು ತಮ್ಮ ತೋಳುಗಳಿಂದ ಈ ನಾಲ್ಕು ಅಕ್ಷರಗಳನ್ನು ರೂಪಿಸಿ ಪ್ರಸಿದ್ಧ ಸ್ಥಳಗಳ ಮುಂದೆ ಚಿತ್ರ ತೆಗೆಸಿಕೊಳ್ಳುವ ರೂಢಿಯೂ ಇದೆ. ಟೆಕ್ಸಸ್ ವಿಶ್ವವಿದ್ಯಾಲಯದವರು 1955ರಿಂದ ತೋರುಬೆರಳು ಮತ್ತು ಕಿರುಬೆರಳನ್ನು ಕೊಂಬಿನಂತೆ ಎತ್ತಿ ಹಿಡಿಯುತ್ತಾರೆ. ಇದರಲ್ಲಿ ಸ್ವಲ್ಪ ಎಚ್ಚರಿಕೆ ಬೇಕು, ಏಕೆಂದರೆ ಇಟಲಿಯಲ್ಲಿ ಇದೇ ಸನ್ನೆ ಗಂಡಸಿಗೆ ಅವನ ಹೆಂಡತಿಯ ನಡತೆಯ ಬಗ್ಗೆ ಮಾಡುವ ಅವಮಾನ.

ಸೇನಾ ನೆಲೆಗಳಲ್ಲಿ

ಪರದೇಶದ ಅಮೆರಿಕನ್ ಸೈನಿಕರಿಗೆ ಅಮೆರಿಕನ್ ಫೋರ್ಸಸ್ ನೆಟ್‌ವರ್ಕ್ ಎಂಬ ಪ್ರತ್ಯೇಕ ಪ್ರಸಾರ ಸೇವೆಯಿದೆ. ಇದರ ರೇಡಿಯೊ 1943ರ ಜುಲೈ 4ರಂದು ಲಂಡನ್ನಿನಲ್ಲಿ ಆರಂಭವಾಯಿತು. ಇದರಲ್ಲಿ ವಾಣಿಜ್ಯ ಜಾಹೀರಾತುಗಳಿರುವುದಿಲ್ಲ, ಅವುಗಳ ಜಾಗದಲ್ಲಿ ಸೈನಿಕರಿಗೆ ಬೇಕಾದ ಪ್ರಕಟಣೆಗಳು ಬರುತ್ತವೆ. ಜರ್ಮನಿಯ ಕೈಸರ್ಸ್‌ಲೌಟರ್ನ್ ಪ್ರದೇಶ, ಜಪಾನಿನ ಒಕಿನಾವಾ, ದಕ್ಷಿಣ ಕೊರಿಯಾದ ನೆಲೆಗಳಲ್ಲಿ ಆರ್ಮಿ–ನೇವಿ ಪಂದ್ಯ ವಿಶೇಷ ಸಂದರ್ಭ. 1890ರಲ್ಲಿ ವೆಸ್ಟ್ ಪಾಯಿಂಟ್‌ನಲ್ಲಿ ಆರಂಭವಾದ ಈ ಸ್ಪರ್ಧೆಯ ಮೊದಲ ಪಂದ್ಯವನ್ನು ನೇವಿ 24–0ರಿಂದ ಗೆದ್ದಿತ್ತು. ಈಗ ಸಾಮಾನ್ಯವಾಗಿ ಡಿಸೆಂಬರ್‌ನ ಎರಡನೆಯ ಶನಿವಾರ ನಡೆಯುವ ಪಂದ್ಯವನ್ನು ನೋಡಲು ಕೊರಿಯಾದಲ್ಲಿರುವವರು ಭಾನುವಾರ ಬೆಳಗಿನ ಜಾವ 5ಕ್ಕೆ ಏಳಬೇಕು.

ಪರದೇಶದಲ್ಲಿ ನಡೆದ ಪಂದ್ಯಗಳು

ತಂಡಗಳೇ ಸಾಗರ ದಾಟಿ ಬಂದ ಸಂದರ್ಭಗಳೂ ಇವೆ. 1970ರ ದಶಕದಿಂದ 1993ರವರೆಗೆ ಟೋಕಿಯೊದಲ್ಲಿ ಹಲವು ಪಂದ್ಯಗಳು ನಡೆದವು. ಒಕ್ಲಹೋಮಾ ಸ್ಟೇಟ್ ತಂಡದ ಬ್ಯಾರಿ ಸ್ಯಾಂಡರ್ಸ್ 1988ರ ಹೈಸ್‌ಮನ್ ಪ್ರಶಸ್ತಿ ತನಗೆ ಬಂದ ಸುದ್ದಿಯನ್ನು ಕೇಳಿದ್ದು, ಟೆಕ್ಸಸ್ ಟೆಕ್ ವಿರುದ್ಧ ಆಡಲು ಟೋಕಿಯೊಗೆ ಹೋಗಿದ್ದಾಗ. ಅದೇ ವರ್ಷ ಡಬ್ಲಿನ್ನಿನಲ್ಲಿ ಬಾಸ್ಟನ್ ಕಾಲೇಜು ಆರ್ಮಿಯನ್ನು 38–24ರಿಂದ ಸೋಲಿಸಿತು. 2012ರ ಸೆಪ್ಟೆಂಬರ್ 1ರಂದು ಡಬ್ಲಿನ್ನಿನಲ್ಲಿಯೇ ನೋಟ್ರ್ ಡೇಮ್ ನೇವಿಯನ್ನು 50–10ರಿಂದ ಮಣಿಸಿದ ಪಂದ್ಯಕ್ಕೆ ಸುಮಾರು 35,000 ಅಮೆರಿಕನ್ನರು ಬಂದಿದ್ದರೆಂಬ ಅಂದಾಜಿದೆ. 2022ರಿಂದ ಅಲ್ಲಿ ಋತುವಿನ ಆರಂಭದಲ್ಲಿ ಪ್ರತಿವರ್ಷ ಪಂದ್ಯ ನಡೆಯುತ್ತಿದೆ. ಸಿಡ್ನಿಯಲ್ಲಿ 2016 ಮತ್ತು 2017ರಲ್ಲಿ ಎರಡು ಪಂದ್ಯಗಳಾದವು.

ಇತ್ತೀಚಿನ ಸ್ಥಿತಿ

ಪಂದ್ಯವನ್ನು ಪಡೆಯುವುದೇ ಕಷ್ಟವಾಗಿದ್ದ ಕಾಲದಲ್ಲಿ ಒಂದು ಊರಿನಲ್ಲಿ ಒಂದೇ ಪರದೆ ಇತ್ತು. ಆದ್ದರಿಂದ ಜನ ಸೇರಲೇಬೇಕಿತ್ತು. ಈಗ ಅವರವರ ಕೈಯ ಫೋನಿನಲ್ಲಿ ಪಂದ್ಯ ಸಿಗುವುದರಿಂದ ಮನೆಯಲ್ಲಿಯೇ ಕುಳಿತು ನೋಡುವ ಆಯ್ಕೆ ಎಲ್ಲರಿಗೂ ಇದೆ. ಸಾಧಾರಣ ಶನಿವಾರಗಳಲ್ಲಿ ಮನೆ ಗೆದ್ದರೂ, ಮಿಷಿಗನ್–ಓಹಿಯೊ ಸ್ಟೇಟ್‌ನಂಥ ಹಳೆಯ ಹಗೆತನದ ಪಂದ್ಯಗಳಿಗೆ ಜನ ಮನೆ ಬಿಟ್ಟು ಬರುತ್ತಾರೆ. 2024ರ ಋತುವಿನಿಂದ ರಾಷ್ಟ್ರೀಯ ಪ್ಲೇಆಫ್ ಸುತ್ತಿನಲ್ಲಿ ನಾಲ್ಕರ ಬದಲು 12 ತಂಡಗಳಿವೆ. ಹೀಗಾಗಿ ಕೂಟಗಳು ಕ್ರಿಸ್‌ಮಸ್ ದಾಟಿ ಜನವರಿಯವರೆಗೂ ಹೆಚ್ಚು ತಂಡಗಳವರಿಗೆ ಮುಂದುವರಿಯುತ್ತವೆ. ಅಂತಿಮ ಪಂದ್ಯ ಮಾತ್ರ ಸೋಮವಾರ ರಾತ್ರಿಯದು. 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ಓಹಿಯೊ ಸ್ಟೇಟ್ ನೋಟ್ರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿದ ಆ ಪಂದ್ಯ ಆರಂಭವಾದಾಗ ಲಂಡನ್ನಿನಲ್ಲಿ ಮಂಗಳವಾರ ನಡುರಾತ್ರಿ ಕಳೆದು ಅರ್ಧ ಗಂಟೆಯಾಗಿತ್ತು, ಬೆಂಗಳೂರಿನಲ್ಲಿ ಬೆಳಗಿನ 6 ಗಂಟೆ, ಟೋಕಿಯೊದಲ್ಲಿ ಕಚೇರಿಗಳು ಆಗಲೇ ತೆರೆದಿದ್ದವು.