ಇನಾಮು ಕಮಿಶನ್ನೂ ಪ್ರಜೆಗಳ ಅವಿಶ್ವಾಸವೂ

ಮಠಗಳ ಇತಿಹಾಸವನ್ನು ಹೇಳುವಾಗ ಗುರುಪರಂಪರೆಯೊಡನೆ ಉಂಬಳಿಯ ವೃತ್ತಾಂತವನ್ನೂ ಹೇಳಬೇಕಾಗುವುದು. ದಾಸೋಹದ ಒಲೆಯು ಆರದಂತೆ ನಡೆದು ಬಂದುದಕ್ಕೆ ಭಕ್ತರ ಕಾಣಿಕೆಯಂತೆಯೇ ಪೂರ್ವದ ಅರಸರು ಬಿಟ್ಟ ಭೂಮಿಗಳೂ ಆಧಾರವಾಗಿದ್ದುವು. ಈ ಭೂಮಿಗಳ ಹಕ್ಕನ್ನು ಕುಂಪಣಿ ಸರಕಾರವು ಪರೀಕ್ಷೆಗೆ ಗುರಿಪಡಿಸಿದ ಸಂಗತಿಯು ಇಂದಿಗೂ ಮನನೀಯವಾಗಿದೆ.

ಧಾರವಾಡ, ಬೆಳಗಾವಿಗಳ ಸೀಮೆಯು ಹಲವು ಪ್ರಭುತ್ವಗಳನ್ನು ಕಂಡ ನಾಡು. ವಿಜಯನಗರ, ಆದಿಲಶಾಹಿ, ಸವಣೂರ ನವಾಬರು, ಮರಾಠರು ಎಂದು ಒಬ್ಬರಾದ ಮೇಲೊಬ್ಬರು ಆಳಿದರು. ಒಬ್ಬ ಅರಸನು ಕೊಟ್ಟುದನ್ನು ಮುಂದಿನವನು ನಡೆಯಿಸಿಕೊಂಡು ಬರುವುದು ವಾಡಿಕೆಯಾಗಿದ್ದಿತು. ಸನದು ಗೆದ್ದಲಿಗೋ ಬೆಂಕಿಗೋ ಆಹುತಿಯಾದರೂ ಊರಿನ ಹಿರಿಯರ ಮಾತೇ ಸಾಕ್ಷಿಯಾಗುತ್ತಿದ್ದಿತು.

1818ರಲ್ಲಿ ಪೇಶವೆಯ ಆಳಿಕೆಯು ಮುಗಿದು ಕುಂಪಣಿಯ ಅಧಿಕಾರವು ನೆಲೆಗೊಂಡ ಬಳಿಕ ಈ ವಾಡಿಕೆಯು ಶಿಥಿಲವಾಯಿತು. 1852ರ 11ನೆಯ ಕಾಯಿದೆಯು ಇನಾಮು ಕಮಿಶನ್ನಿಗೆ ಶಾಸನಬಲವನ್ನು ಕೊಟ್ಟಿತು. ತೆರಿಗೆಯಿಲ್ಲದ ಭೂಮಿಯನ್ನು ಅನುಭವಿಸುವವನು ತನ್ನ ಹಕ್ಕನ್ನು ತಾನೇ ಸಿದ್ಧಪಡಿಸಬೇಕಾಯಿತು. ದೇವಾಲಯ, ಮಸೀದಿ ಮುಂತಾದ ಶಾಶ್ವತ ಸಂಸ್ಥೆಗಳ ಭೂಮಿಗಳನ್ನು ಮುಂದುವರಿಸಲು ಕಾಯಿದೆಯಲ್ಲಿ ಅವಕಾಶವಿದ್ದುದೇನೋ ನಿಜ. ಆದರೆ ಅದಕ್ಕೂ ಪುರಾವೆಯು ಬೇಕಾಗಿದ್ದಿತು. ಕಮಿಶನ್ನಿನ ತೀರ್ಪಿನ ಮೇಲೆ ಸಾಮಾನ್ಯ ನ್ಯಾಯಾಲಯಕ್ಕೆ ಹೋಗುವ ದಾರಿಯಿರಲಿಲ್ಲ. ಭೂಮಿಯು ಹೋದರೆ ಅದರ ತೆರಿಗೆಯು ಸರಕಾರಕ್ಕೆ. ಭೂಮಿಯು ಯಾರದೆಂದು ತೀರ್ಮಾನಿಸುವುದೂ ಸರಕಾರವೇ. ವಾದಿಯೇ ನ್ಯಾಯಾಧೀಶನಾದಲ್ಲಿ ಪ್ರಜೆಗೆ ನಂಬಿಕೆಯೆಲ್ಲಿಂದ ಬಂದೀತು?

ಇದಕ್ಕಿಂತ ಗಹನವಾದುದು ದಪ್ತರದ ವಿಷಯ. ಪೇಶವೆಯರ ಲೆಕ್ಕಪತ್ರಗಳೆಲ್ಲ ಪುಣೆಯಲ್ಲಿ ಸರಕಾರದ ವಶದಲ್ಲಿದ್ದುವು. ಇನಾಮುದಾರನು ತನ್ನ ಮನೆಯ ಕಾಗದಗಳನ್ನೆಲ್ಲ ಅಧಿಕಾರಿಯ ಮುಂದೆ ಹರಡಬೇಕು. ಅಧಿಕಾರಿಯ ದಪ್ತರವಾದರೋ ಸರಕಾರದ ಕೈಯೊಳಗಿನದು. ಆ ದಪ್ತರದಿಂದ ಆರಿಸಿದ ಪತ್ರಗಳು ಗೋವಿಂದ ಸಖಾರಾಮ ಸರದೇಸಾಯಿಯವರ ಸಂಪಾದಕತ್ವದಲ್ಲಿ 45 ಸಂಪುಟಗಳಾಗಿ ಜನರ ಕೈ ಸೇರಿದುದು 1930ರಿಂದ 1934ರ ಅವಧಿಯಲ್ಲಿ. ಅಷ್ಟರಲ್ಲಿ ಉಂಬಳಿ ಕಳೆದುಕೊಂಡವರ ಮೊಮ್ಮಕ್ಕಳೂ ಮುದುಕರಾಗಿದ್ದರು.

ಒಂದು ಕಾಯಿದೆಯಿಂದ ಹುಟ್ಟಿದ ಅವಿಶ್ವಾಸವು ಅದರಲ್ಲಿಯೇ ನಿಲ್ಲುವುದಿಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪದೆ ಹೋದ ಸರಕಾರವು ನರಗುಂದದ ಭಾಸ್ಕರರಾಯರಿಗೂ ದತ್ತಕದ ಅನುಮತಿಯನ್ನು ಕೊಡಲಿಲ್ಲ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯು 1857ರಲ್ಲಿ ಹೊರಟಾಗ, ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ನಂಬದೆ ಎದುರುನಿಂತರು. ಸೈನ್ಯವು ಊರನ್ನು ಸುಟ್ಟಿತು, ಹಲವರು ಗಲ್ಲಿಗೇರಿದರು. 1858ರ ಮೇ ತಿಂಗಳಲ್ಲಿ ನರಗುಂದವೂ ಸಿಡಿದೆದ್ದಿತು. ಜೂನ್ ತಿಂಗಳಲ್ಲಿ ಭಾಸ್ಕರರಾಯರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಬಳಿಕ ಸರಕಾರವೇ ಹಿಂದೆಗೆಯಿತು. 1863ರ ಕಾಯಿದೆಗಳು, ಗೊತ್ತಾದ ತೆರಿಗೆಯನ್ನು ಕೊಡಲೊಪ್ಪಿದವರ ಹಕ್ಕನ್ನು ದೀರ್ಘ ವಿಚಾರಣೆಯಿಲ್ಲದೆ ಸ್ಥಿರಪಡಿಸಿದುವು. ಮೊದಲೇ ತೋರಬಹುದಾಗಿದ್ದ ವಿವೇಕವು ರಕ್ತಪಾತದ ತರುವಾಯ ಉದಯಿಸಿತು.

ಕಲ್ಯಾಣದಲ್ಲಿ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ಅರಸನ ಧನವನ್ನು ಜಂಗಮರಿಗೆ ವ್ಯಯಿಸಿದರೆಂಬ ದೂರು ಬಂದಾಗ ಅವರು ಭಂಡಾರವನ್ನು ತೆರೆದು ತೋರಿಸಿದರೆಂದು ಪುರಾಣಗಳು ಹೇಳುವುವು. ಅಧಿಕಾರದಲ್ಲಿರುವವನ ಮೇಲೆ ಸಂಶಯ ಬರುವುದು ಸಹಜ. ಅದಕ್ಕೆ ಶಿಕ್ಷೆಯು ಉತ್ತರವಲ್ಲ, ತೆರೆದ ಲೆಕ್ಕವೇ ಉತ್ತರ. 2005ರಲ್ಲಿ ಭಾರತದ ಸಂಸತ್ತು ಮಾಹಿತಿ ಹಕ್ಕಿನ ಕಾಯಿದೆಯನ್ನು ಮಾಡಿ ಸರಕಾರದ ದಪ್ತರವನ್ನು ಕೇಳುವ ಅಧಿಕಾರವನ್ನು ಪ್ರಜೆಗೆ ಕೊಟ್ಟಿತು. ಆ ಅಧಿಕಾರವನ್ನು ಬಳಸುವುದು ದ್ರೋಹವಲ್ಲ, ಪ್ರಜಾಧರ್ಮ. ಹಾಗೆಯೇ ಭಕ್ತರ ಧನದಿಂದ ನಡೆಯುವ ಮಠವೂ ತನ್ನ ಕಡತವನ್ನು ಭಕ್ತರ ಮುಂದೆ ತೆರೆದಿಡುವುದು ಶರಣಮಾರ್ಗಕ್ಕೆ ಭೂಷಣವೇ ಸರಿ.