‘ಸರ್ವರ್ ಡೌನ್’ ಎಂಬ ಮಾತಿನ ಹಿಂದಿನ ಕಥೆ

ಪಹಣಿ ತೆಗೆಸಲು ಹೋಗಲಿ, ನ್ಯಾಯಬೆಲೆ ಅಂಗಡಿಯಲ್ಲಿ ಥಂಬ್ ಕೊಡಲು ಹೋಗಲಿ, ಹಳ್ಳಿಯವರಾದ ನಾವು ಕೇಳುವ ಮಾತು ಒಂದೇ: “ಸರ್ವರ್ ಇಲ್ಲ, ನಾಳೆ ಬನ್ನಿ.” ಅಲ್ಲಿಗೆ ಒಂದು ದಿನದ ಕೂಲಿ ಹೋಯಿತು. ನಮ್ಮದೇ ಫೋನಿನಲ್ಲಿ ತೆಗೆದರೆ ಬಿಳಿ ಪರದೆ, ಸುತ್ತುವ ಚಕ್ರ. ತಪ್ಪು ಫೋನಿನದೋ, ಸಿಮ್ಮಿನದೋ, ಆ ಕಡೆಯವರದೋ? ಇಂಟರ್ನೆಟ್ ಎಲ್ಲೆಲ್ಲಿ ಕೈಕೊಟ್ಟಿದೆ ಎಂಬ ಇತಿಹಾಸ ತಿಳಿದರೆ ಉತ್ತರ ಹುಡುಕುವುದು ಸುಲಭ.

ಮೊದಲು ಸರ್ವರ್. ಜಗತ್ತಿನ ಮೊದಲ ವೆಬ್ ಪುಟವನ್ನು 1990ರ ಕೊನೆಗೆ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ತಯಾರಿಸಿದರು. ಅದು ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಯಾರೋ ಸ್ವಿಚ್ ಆರಿಸಿದರೆ ಪುಟವೇ ಇಲ್ಲ. ಅದಕ್ಕೇ ‘ಇದು ಸರ್ವರ್, ಆಫ್ ಮಾಡಬೇಡಿ’ ಎಂದು ಕೈಯಲ್ಲಿ ಬರೆದು ಅಂಟಿಸಿದ್ದರು. ಸರ್ವರ್ ಅಂದರೆ ಎಲ್ಲೋ ಇರುವ ಒಂದು ಕಂಪ್ಯೂಟರ್, ಅಷ್ಟೇ.

ಎರಡನೆಯದು ವಿಳಾಸ. ಕಂಪ್ಯೂಟರುಗಳಿಗೆ ಹೆಸರು ತಿಳಿಯದು, ಅಂಕಿ ಬೇಕು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಎಲ್ಲ ಹೆಸರು, ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಇಟ್ಟುಕೊಂಡಿತ್ತು. ಪಟ್ಟಿ ಬೆಳೆದು ಸಂಭಾಳಿಸಲು ಆಗದಾದಾಗ, 1983ರಲ್ಲಿ ಪಾಲ್ ಮಾಕಪೆಟ್ರಿಸ್ ಆ ಕೆಲಸವನ್ನು ಹಲವು ಕಂಪ್ಯೂಟರುಗಳಿಗೆ ಹಂಚುವ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದರು. ಇಂದಿಗೂ ನಾವು ಟೈಪ್ ಮಾಡಿದ ಹೆಸರಿಗೆ ಅಂಕಿ ಹುಡುಕಿಕೊಡುವುದು ಅದೇ.

ಮೂರನೆಯದು ದಾರಿ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾದವು. ಇಲ್ಲಿ ಭಾರತದಲ್ಲಿ ಇಂಟರ್ನೆಟ್ ಕುಂಟಿತು. ಮುಂದಿನ ತಿಂಗಳು, ಫೆಬ್ರವರಿ 24ರಂದು, ಪಾಕಿಸ್ತಾನ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟಿತು. ಆ ತಪ್ಪು ದಾರಿಯ ಸೂಚನೆ ಹೊರಗೂ ಹರಡಿ, ಜಗತ್ತಿನ ಬಹಳ ಕಡೆ ಸುಮಾರು ಎರಡು ಗಂಟೆ ಯೂಟ್ಯೂಬ್ ತೆರೆಯಲಿಲ್ಲ.

2021ರ ಅಕ್ಟೋಬರ್ 4ರ ರಾತ್ರಿ ನಮಗೆಲ್ಲ ನೆನಪಿರಬಹುದು. 9 ಗಂಟೆ ದಾಟಿದ ಮೇಲೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಟ್ಟಿಗೆ ನಿಂತವು. ದುರಸ್ತಿ ಕೆಲಸದ ವೇಳೆ ಕೊಟ್ಟ ಒಂದು ತಪ್ಪು ಆದೇಶದಿಂದ ಕಂಪನಿಯ ಒಳಜಾಲ ಕಡಿದು, ಅದರ ವಿಳಾಸ ಹೇಳುವ ಕಂಪ್ಯೂಟರುಗಳೇ ಹೊರಗಿನವರಿಗೆ ಸಿಗದಾದವು. ಸರಿಹೋಗಲು ಸುಮಾರು ಆರು ಗಂಟೆ ಬೇಕಾಯಿತು. ಆ ರಾತ್ರಿ ಫೋನನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿರಲಿಲ್ಲ.

ಇಷ್ಟು ತಿಳಿದ ಮೇಲೆ ಪರೀಕ್ಷೆ ಕಷ್ಟವಲ್ಲ. ಬೇರೆ ಒಂದು ವೆಬ್‌ಸೈಟ್ ತೆರೆದು ನೋಡಿ. ಅದೂ ಬಾರದಿದ್ದರೆ ಡೇಟಾ ಅಥವಾ ಸಿಗ್ನಲ್ ನೋಡಿ. ಅದು ಬಂದರೆ, ಮನೆಯವರ ಬೇರೆ ಕಂಪನಿಯ ಸಿಮ್‌ನಲ್ಲಿ ಬೇಕಾದ ಪುಟ ಪ್ರಯತ್ನಿಸಿ. ಅಲ್ಲಿ ತೆರೆದರೆ ತೊಂದರೆ ನಿಮ್ಮ ಫೋನಿನದು ಅಥವಾ ನೆಟ್‌ವರ್ಕಿನದು. ಎಲ್ಲೂ ತೆರೆಯದಿದ್ದರೆ ಬಹುಪಾಲು ಆ ಕಡೆಯದು. ‘404’ ಎಂದರೆ ಸರ್ವರ್ ಸಿಕ್ಕಿತು, ಕೇಳಿದ ಪುಟ ಅಲ್ಲಿಲ್ಲ; ಲಿಂಕ್ ಸರಿಯಿದೆಯೇ ನೋಡಿ. ‘500’ ಅಥವಾ ‘503’ ಎಂದರೆ ತೊಂದರೆ ಸರ್ವರಿನದೇ. ಭದ್ರತೆಯ ಎಚ್ಚರಿಕೆ ಬಂದರೆ ಫೋನಿನ ತಾರೀಖು, ಸಮಯ ಸರಿಯಿದೆಯೇ ನೋಡಿ.

ಅರ್ಜಿಗೆ ಕೊನೆಯ ದಿನವಾಗಿದ್ದರೆ ತಾರೀಖು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಕೇಳಿ. ಸರ್ವರ್ ಕೆಟ್ಟಿದ್ದು ನಮ್ಮ ತಪ್ಪಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ಕಾಗದವೂ ಇರಬೇಕು.