ಅನ್ನದಾನಿಯ ಬೆಟ್ಟ: ಚಂಗಾಳ್ವರ ನಾಡಿನಲ್ಲಿ ನಾಲ್ಕು ದಿನಗಳ ಕಾಲ್ನಡಿಗೆ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರವು ನಮ್ಮ ಭಾಗದ ವೀರಶೈವರಿಗೆ ಚಿರಪರಿಚಿತವಾದ ಕ್ಷೇತ್ರ. ಬಯಲಿನ ನಡುವೆ ಒಂಟಿಯಾಗಿ ಎದ್ದುನಿಂತ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗಳಿಗೂ ಮೇಲ್ಪಟ್ಟ ಎತ್ತರದ ಆ ಬೆಟ್ಟದ ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿಯಿದೆ. ಈ ಬೆಟ್ಟದ ಬಗೆಗೆ ನಮ್ಮವರು ಹೇಳುವ ಒಂದು ಕಥೆಯುಂಟು. ಹಿಂದೆ ಈ ಸೀಮೆಯೆಲ್ಲ ಜೈನರದಾಗಿತ್ತು. ಚಂಗಾಳರಾಯನೆಂಬ ಅರಸನು ಲಿಂಗದೀಕ್ಷೆ ಪಡೆದ ದಿನವೇ ಜಿನಧರ್ಮವು ಇಲ್ಲಿಂದ ಕಾಲ್ತೆಗೆಯಿತು. ಅಂದು ಬಿದ್ದ ಸಿಡಿಲು ಅದಕ್ಕೆ ಸಾಕ್ಷಿ ಎಂಬುದು ಅದರ ಸಾರ. ಬಾಲ್ಯದಲ್ಲಿ ನಾನೂ ಇದನ್ನು ಹೆಮ್ಮೆಯಿಂದ ಕೇಳಿದವನೇ. ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೂ ಉಂಟು. ಈ ಕಥೆಯನ್ನು ಕಲ್ಲುಗಳ ಮುಂದೆ ನಿಲ್ಲಿಸಿ ಪರೀಕ್ಷಿಸಬೇಕೆಂಬ ಬಯಕೆ ಬಹುಕಾಲದಿಂದ ಮನಸ್ಸಿನಲ್ಲಿತ್ತು. ನಿವೃತ್ತನಾದ ಮೇಲೆ ಒಂದು ಮಾಘಮಾಸದಲ್ಲಿ ಅದು ಕೈಗೂಡಿತು. ನಾನು, ವಿಜ್ಞಾನ ಬೋಧಿಸುತ್ತಿದ್ದ ನನ್ನ ಹಳೆಯ ಸಹೋದ್ಯೋಗಿ ಹಾಗೂ ಕಾಲೇಜಿನಲ್ಲಿ ಓದುತ್ತಿರುವ ಒಬ್ಬ ತರುಣ, ಹೀಗೆ ಮೂವರು ಕೃಷ್ಣರಾಜನಗರದ ಸೀಮೆಯ ಚಿಕ್ಕಹನಸೋಗೆಯಿಂದ ಹೊರಟು ಬೆಟ್ಟದಪುರದ ಮಾರ್ಗವಾಗಿ ಪಿರಿಯಾಪಟ್ಟಣದ ಕೋಟೆಯವರೆಗೆ ನಾಲ್ಕು ದಿನ ನಡೆದೆವು. ಆ ನಡಿಗೆಯಲ್ಲಿ ಕಂಡುದನ್ನೂ ಕಂಡುದರಿಂದ ತಿಳಿದುದನ್ನೂ ಇಲ್ಲಿ ನಿವೇದಿಸುತ್ತೇನೆ.

ಚಿಕ್ಕಹನಸೋಗೆಯಿಂದಲೇ ಏಕೆ ಹೊರಡಬೇಕೆಂದು ಓದುಗರು ಕೇಳಬಹುದು. ಹಳೆಯ ಶಾಸನಗಳು ಪನಸೋಗೆ ಎಂದು ಕರೆಯುವ ಊರು ಇದೇ. ಇಲ್ಲಿಯ ಮೂರು ಗರ್ಭಗುಡಿಗಳ ಆದಿನಾಥ ಬಸದಿಯು ಚಂಗಾಳ್ವರ ಚರಿತ್ರೆಯ ಮೊದಲ ಪುಟವೆನ್ನಬಹುದು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟವನ್ನು ೧೮೯೮ರಲ್ಲಿ ಪ್ರಕಟಿಸಿದಾಗ ಈ ಭಾಗದ ಶಾಸನಗಳು ಬೆಳಕಿಗೆ ಬಂದವು. ಆಗ ಈ ಊರು ಯಡತೊರೆ ತಾಲ್ಲೂಕಿಗೆ ಸೇರಿತ್ತು. ಇಲ್ಲಿ ಅರವತ್ತನಾಲ್ಕು ಬಸದಿಗಳಿದ್ದುವೆಂದೂ ಅವುಗಳನ್ನು ದಶರಥನ ಮಗನಾದ ಶ್ರೀರಾಮನೇ ಸ್ಥಾಪಿಸಿದನೆಂದೂ ಶಾಸನಗಳು ಹೇಳುತ್ತವೆ. ಸಂಖ್ಯೆಯಲ್ಲಿ ಭಕ್ತಿಯ ಉತ್ಪ್ರೇಕ್ಷೆಯಿರಬಹುದು. ಆದರೆ ಹನಸೋಗೆಯ ಹೆಸರಿನಿಂದಲೇ ಜೈನಮುನಿಗಳ ಒಂದು ಪರಂಪರೆ ಪ್ರಸಿದ್ಧವಾಗಿತ್ತೆಂಬುದು ನಿರ್ವಿವಾದ. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿಯ ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿದವನು ರಾಜೇಂದ್ರಚೋಳ ನನ್ನಿ ಚಂಗಾಳ್ವ. ಚೋಳರು ಈ ನಾಡನ್ನು ಗೆದ್ದ ಮೇಲೆ ಸ್ಥಳೀಯ ಅರಸರು ತಮ್ಮ ಹೆಸರಿನ ಹಿಂದೆ ಚೋಳ ಚಕ್ರವರ್ತಿಯ ಹೆಸರನ್ನು ಧರಿಸಬೇಕಾಯಿತೆಂಬುದು ಈ ಹೆಸರಿನಲ್ಲಿಯೇ ಕಾಣುತ್ತದೆ. ಹೀಗೆ ಮುಂದೆ ಬೆಟ್ಟದ ಮಲ್ಲಿಕಾರ್ಜುನನನ್ನು ಕುಲದೈವವಾಗಿ ಪೂಜಿಸಿದ ವಂಶವೇ ಮೊದಲು ಆದಿನಾಥನ ಬಸದಿಯನ್ನು ಕಟ್ಟಿ ಕಾಪಾಡಿತು.

ಬಸದಿಯ ಮುಂದೆ ನಿಂತಾಗ ನಮ್ಮೊಡನಿದ್ದ ತರುಣ ಕೇಳಿದ: "ಮೇಷ್ಟ್ರೇ, ಇವರ ಮಕ್ಕಳು ಮೊಮ್ಮಕ್ಕಳು ಲಿಂಗವಂತರಾದ ಮೇಲೆ ಈ ಬಸದಿಯನ್ನು ಏಕೆ ಕೆಡವಲಿಲ್ಲ?" ನಾನು ಹೇಳಿಕೊಂಡು ಬಂದ ಕಥೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ರಾತ್ರಿ ಊರಿನ ಒಂದು ಜಗಲಿಯ ಮೇಲೆ ಮಲಗಿದ್ದಾಗಲೂ ಅದೇ ಪ್ರಶ್ನೆ ನನ್ನನ್ನು ಕಾಡುತ್ತಿತ್ತು.

ಎರಡನೆಯ ದಿನ ಕಾವೇರಿಯ ಗದ್ದೆಬಯಲನ್ನು ಹಿಂದಿಕ್ಕಿ ಪಶ್ಚಿಮಾಭಿಮುಖವಾಗಿ ನಡೆದೆವು. ನೆಲ ಮೆಲ್ಲಮೆಲ್ಲನೆ ಏರುತ್ತದೆ. ಕಪ್ಪು ಗದ್ದೆಯ ಮಣ್ಣು ಹೋಗಿ ಕೆಮ್ಮಣ್ಣಿನ ಹೊಲಗಳು ಬರುತ್ತವೆ. ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಈ ಎತ್ತರದ ಭೂಮಿಯಲ್ಲಿ ಇಂದು ಹೊಗೆಸೊಪ್ಪೇ ಮುಖ್ಯ ಬೆಳೆ. ಸೊಪ್ಪು ಹದಮಾಡುವ ಬ್ಯಾರನ್ನುಗಳು ಆ ವರ್ಷದ ಕೆಲಸ ಮುಗಿಸಿ ಬಾಗಿಲಿಕ್ಕಿಕೊಂಡು ಹಳ್ಳಿಹಳ್ಳಿಯ ಅಂಚಿನಲ್ಲಿ ನಿಂತಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಹಳ್ಳಿಯ ಕಣದ ಬಳಿ ನೀರು ಕೇಳಿದೆವು. ಹಣೆಯ ವಿಭೂತಿಯನ್ನು ನೋಡಿದ ವೃದ್ಧೆಯೊಬ್ಬರು, "ಬರೀ ನೀರು ಕುಡ್ದು ಹೋಗ್ಬಾರ್ದು ಅಯ್ನೋರೆ, ಕುಂತ್ಕಳಿ" ಎಂದು ಹೇಳಿ ರಾಗಿಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ಬಡಿಸಿದರು. ನಾವು ಅಯ್ಯನವರಲ್ಲವೆಂದು ಹೇಳಿದೆ. "ಆಗ್ದಿದ್ರೆ ಹಸ್ವಾಗಾಕಿಲ್ವಾ?" ಎಂದರು. ಅವರ ಕುಲವನ್ನು ನಾವು ಕೇಳಲಿಲ್ಲ. ನಮ್ಮದನ್ನು ಅವರು ಕೇಳಲಿಲ್ಲ. ದಾಸೋಹವನ್ನು ಕುರಿತು ಮೂವತ್ತು ವರ್ಷ ವ್ಯಾಖ್ಯಾನ ಮಾಡಿದ ನನಗೆ ಆ ಮಾತಿನ ಮುಂದೆ ಬೇರೆ ಮಾತು ಹೊಳೆಯಲಿಲ್ಲ.

ಅಲ್ಲಿಂದ ಮುಂದೆ ಹೊರಟಾಗ ಬೆಟ್ಟವು ದಿಗಂತದಲ್ಲಿ ಶಂಕುವಿನ ಆಕಾರದಲ್ಲಿ ಕಾಣಿಸಿತು. ಸಂಜೆಯವರೆಗೂ ಅದು ಕಣ್ಣೆದುರಿಗೇ ಇತ್ತು, ಬೇಗನೆ ಹತ್ತಿರವಾಗಲಿಲ್ಲ.

ಹನಸೋಗೆಯಿಂದ ಬೆಟ್ಟದಪುರಕ್ಕೆ ನಮಗೆ ಒಂದು ದಿನದ ಹಾದಿ. ಚಂಗಾಳ್ವರು ಆದಿನಾಥನಿಂದ ಮಲ್ಲಿಕಾರ್ಜುನನವರೆಗೆ ನಡೆದುದು ಶತಮಾನಗಳ ಹಾದಿ. ಹೊಯ್ಸಳರು ಪ್ರಬಲರಾದ ಮೇಲೆ ಈ ಮಾಂಡಲಿಕರ ಮೇಲೆ ಒತ್ತಡ ಹೆಚ್ಚಿತು. ಕ್ರಿ.ಶ. ೧೧೭೪ರ ಸುಮಾರಿಗೆ ಇಮ್ಮಡಿ ಬಲ್ಲಾಳನ ದಂಡನಾಯಕ ಬೆಟ್ಟರಸನು ಕೊಡಗಿನ ಪಾಲ್ಪಾರೆಯಲ್ಲಿ ಚಂಗಾಳ್ವ ಮಹಾದೇವನನ್ನು ಸೋಲಿಸಿದನು. ಬಯಲುಸೀಮೆಯಲ್ಲಿ ನೆಲೆ ತಪ್ಪಿದ ಅರಸರು ಕೊಡಗಿನ ಕಾಡಂಚಿಗೆ ಸರಿದರು. ವಿಜಯನಗರದ ಕಾಲದಲ್ಲಿ, ಹದಿನಾರನೆಯ ಶತಮಾನದ ಆರಂಭಕ್ಕೆ, ನಂಜರಾಜನು ಕಾವೇರಿಯ ದಡದಲ್ಲಿ ನಂಜರಾಯಪಟ್ಟಣವನ್ನು ಕಟ್ಟಿ ಮತ್ತೆ ತಲೆಯೆತ್ತಿದನು. ಈ ವೇಳೆಗೆ ಅರಸುಮನೆತನ ವೀರಶೈವವಾಗಿತ್ತು. ಇವೆರಡರ ನಡುವಣ ಅವಧಿ ಒಂದೆರಡು ವರ್ಷದ್ದಲ್ಲ, ಸುಮಾರು ಮುನ್ನೂರು ವರ್ಷಗಳದು. ಒಂದೇ ದಿನದ ಸಿಡಿಲಿನಿಂದ ಧರ್ಮ ಬದಲಾಯಿತೆಂಬ ಕಥೆಗೆ ಈ ಕಾಲಾನುಕ್ರಮದಲ್ಲಿ ಎಡೆಯಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ ಸಾಹಿತ್ಯದಲ್ಲಿದೆ. ಇದೇ ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಜೈನಕವಿ. ಚಂಗಾಳ್ವ ಅರಸರ ಆಶ್ರಯದ ಮನೆತನಕ್ಕೆ ಸೇರಿದ ಈತ ಸಮ್ಯಕ್ತ್ವಕೌಮುದಿಯನ್ನು ರಚಿಸಿದ್ದು ೧೫೦೮ರ ಸುಮಾರಿನಲ್ಲಿ, ಅಂದರೆ ನಂಜರಾಜನು ಆಳುತ್ತಿದ್ದಾಗ. ನೇಮಿಜಿನೇಶಸಂಗತಿ, ಜಯನೃಪಕಾವ್ಯಗಳಲ್ಲದೆ ಪಾಕವಿದ್ಯೆಯನ್ನು ಕುರಿತ ಸೂಪಶಾಸ್ತ್ರವನ್ನೂ ಈತ ಬರೆದಿದ್ದಾನೆ. ಅದೇ ಸೀಮೆಯ ಸಾಮಂತ ಮನೆತನದವನಾದ ನಂಜುಂಡಕವಿಯು ೧೫೨೫ರ ಸುಮಾರಿಗೆ ಕುಮಾರರಾಮನ ಚರಿತ್ರೆಯನ್ನು ಸಾಂಗತ್ಯದಲ್ಲಿ ಹಾಡಿದನು. ಈತ ಶಿವಭಕ್ತ. ಮೇಲೆ ವೀರಶೈವ ದೊರೆ, ಕೆಳಗೆ ಜೈನ ಪ್ರಭು, ಪಕ್ಕದಲ್ಲಿ ಶೈವ ಕವಿ. ಜಿನಧರ್ಮವು ಒಂದೇ ದಿನದಲ್ಲಿ ಕಾಲ್ತೆಗೆದಿದ್ದರೆ ಅದೇ ರಾಜ್ಯದಲ್ಲಿ ನೇಮಿಜಿನೇಶನ ಕಾವ್ಯ ಹುಟ್ಟುತ್ತಿರಲಿಲ್ಲ. ತರುಣನ ಪ್ರಶ್ನೆಗೆ ಉತ್ತರ ಇಷ್ಟೇ: ಕೆಡವಬೇಕೆಂಬ ಹಟ ಆ ಅರಸರಿಗೆ ಇರಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ ಬೆಟ್ಟವನ್ನೇರಲು ತೊಡಗಿದೆವು. ತಪ್ಪಲಿನಲ್ಲಿ ಭ್ರಮರಾಂಬಾಸಮೇತ ಮಲ್ಲಿಕಾರ್ಜುನನ ದೇವಾಲಯವಿದೆ. ಅಲ್ಲಿಂದ ನೆತ್ತಿಯವರೆಗೆ ಸಾವಿರಾರು ಕಲ್ಲಿನ ಮೆಟ್ಟಿಲುಗಳು. ಅರವತ್ತು ದಾಟಿದ ಮೊಣಕಾಲುಗಳು ಪ್ರತಿಯೊಂದು ಮೆಟ್ಟಿಲನ್ನೂ ಬೇರೆಬೇರೆಯಾಗಿ ಲೆಕ್ಕಹಾಕುತ್ತಿದ್ದವು. ದಣಿದು ಕುಳಿತಾಗ ನನ್ನ ಸಹೋದ್ಯೋಗಿಗಳು ಸಿಡಿಲಿನ ಹೆಸರನ್ನು ತಮ್ಮ ಶಾಸ್ತ್ರದಿಂದ ವಿವರಿಸಿದರು. ಸುತ್ತ ಬಯಲಿರುವಾಗ ಒಂಟಿ ಶಿಖರವೇ ಸಿಡಿಲಿಗೆ ಗುರಿ; ಎತ್ತರದಲ್ಲಿರುವ ಕಲ್ಲಿನ ಗುಡಿಗೆ ಮತ್ತೆಮತ್ತೆ ಸಿಡಿಲು ಬಡಿದಿದ್ದರೆ ಆಶ್ಚರ್ಯವಿಲ್ಲ. ವರ್ಷಕ್ಕೊಮ್ಮೆ ಸಿಡಿಲು ಬಂದು ದೇವರನ್ನು ಪೂಜಿಸಿ ಹೋಗುತ್ತದೆಂದು ಜನ ನಂಬುತ್ತಾರೆ. ಭಯಹುಟ್ಟಿಸುವುದನ್ನೂ ಪೂಜೆಯೆಂದು ಭಾವಿಸಿದ ಜನಪದರ ಮನಸ್ಸು ದೊಡ್ಡದು. ಅದರಲ್ಲಿ ಯಾರ ಸೋಲಿನ ಕಥೆಯೂ ಇಲ್ಲ.

ಆದರೆ ಸಿಡಿಲು ಮಲ್ಲಿಕಾರ್ಜುನ ಎಂಬುದು ಜನರು ಇಟ್ಟ ಹೆಸರು. ಶಾಸನಗಳಲ್ಲಿ ಈ ಬೆಟ್ಟಕ್ಕೆ ಶ್ರೀಗಿರಿಯೆಂದೂ ಈ ದೇವರಿಗೆ ಅನ್ನದಾನಿ ಮಲ್ಲಿಕಾರ್ಜುನನೆಂದೂ ಹೆಸರು. ಈ ಎರಡು ಹೆಸರುಗಳನ್ನು ಸಾವಧಾನವಾಗಿ ಪರಿಭಾವಿಸಬೇಕು. ಶ್ರೀಗಿರಿಯೆಂದರೆ ಶ್ರೀಶೈಲ. ಕಲ್ಯಾಣದ ಶರಣರಿಗೆ ಶ್ರೀಶೈಲವು ಪರಮಪವಿತ್ರ. ಅಕ್ಕಮಹಾದೇವಿಯ ಅಂಕಿತದಲ್ಲಿರುವವನೂ ಆ ಮಲ್ಲಿಕಾರ್ಜುನನೇ. ಶ್ರೀಶೈಲದ ಸ್ಮರಣೆಯನ್ನು ಹೊತ್ತು ಊರೂರು ಸಂಚರಿಸಿದ ಜಂಗಮರ ಮೂಲಕವೇ ಈ ಹೆಸರು ಕೊಡಗಿನ ಅಂಚಿನ ಈ ಬೆಟ್ಟಕ್ಕೆ ಬಂದಿರಬೇಕೆಂದು ನನ್ನ ಊಹೆ. ಇನ್ನು ಅನ್ನದಾನಿ ಎಂಬ ಹೆಸರು. ದೇವರಿಗೆ ವಿಜಯದ, ಶೌರ್ಯದ ಹೆಸರುಗಳನ್ನು ಇಡಬಹುದಾಗಿದ್ದ ಅರಸರು ಅನ್ನ ನೀಡುವವನೆಂಬ ಹೆಸರನ್ನು ಕಲ್ಲಿನಲ್ಲಿ ಕೊರೆಸಿದರು. ವೀರಶೈವವು ಈ ನಾಡಿನಲ್ಲಿ ಬೇರೂರಿದ್ದು ಯಾವ ಬಲದಿಂದ ಎಂಬುದಕ್ಕೆ ಈ ಒಂದು ಹೆಸರಿಗಿಂತ ಮಿಗಿಲಾದ ಪ್ರಮಾಣ ಬೇಕಿಲ್ಲ. ಹಸಿದು ಬಂದವನ ಕುಲವನ್ನು ಕೇಳದ ದಾಸೋಹವೇ ಆ ಬಲ. ಹಿಂದಿನ ದಿನ ಕಣದ ಬಳಿ ಮುದ್ದೆ ಬಡಿಸಿದ ತಾಯಿಗೆ ಶಾಸನ ಗೊತ್ತಿರಲಿಲ್ಲ. ಶಾಸನದ ಅರ್ಥ ಗೊತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಮರೆಮಾಚುವುದು ಸರಿಯಲ್ಲ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದ ಲಿಂಗವಂತನು ಬೆಟ್ಟದ ಮೇಲಿನ ಸ್ಥಾವರಲಿಂಗಕ್ಕಾಗಿ ಸಾವಿರಾರು ಮೆಟ್ಟಿಲೇರುವುದೇಕೆ? ಬಸವಣ್ಣನವರು ಉಳ್ಳವರ ಕಲ್ಲಿನ ಗುಡಿಗಳಿಗಿಂತ ಮಾನವನ ದೇಹವನ್ನೇ ಶಿವನ ಮನೆಯೆಂದು ಸಾರಿದರು. ನಿಂತುದಕ್ಕೆ ಅಳಿವಿದೆ, ಚಲಿಸುವುದಕ್ಕೆ ಇಲ್ಲವೆಂಬುದು ಅವರ ನಿಲುವು. ಅದನ್ನು ಅರಿತವರು ಈ ಯಾತ್ರೆಯನ್ನು ಅಸಂಗತವೆನ್ನಬಹುದು. ತರ್ಕದಿಂದ ನೋಡಿದರೆ ಆಕ್ಷೇಪ ನ್ಯಾಯವಾದದ್ದೇ. ನನಗೆ ತೋರಿದ್ದನ್ನು ಹೇಳುತ್ತೇನೆ. ಬೆಟ್ಟದ ಮೇಲೆ ಸ್ಥಾವರವಾಗಿ ಉಳಿದಿರುವುದು ಗುಡಿ. ಜಂಗಮವಾಗಿ ನಡೆಯುತ್ತಿರುವುದು ಅನ್ನದಾನಿ ಎಂಬ ಹೆಸರಿನಲ್ಲಿ ಅಡಗಿದ ಆಚಾರ. ದೀಪಾವಳಿಯಲ್ಲಿ ಪಂಜಿನ ಬೆಳಕಿನಲ್ಲಿ ನಡೆಯುವ ಇಲ್ಲಿಯ ಉತ್ಸವಕ್ಕೆ ಬರುವವರು ಎಲ್ಲ ಕುಲದವರು. ತಮಿಳು ನೆಲದಿಂದ ಬಂದು ಶತಮಾನಗಳಿಂದ ಇಲ್ಲಿ ನೆಲೆಸಿದ ಸಂಕೇತಿಗಳ ಒಂದು ಶಾಖೆಗೆ ಬೆಟ್ಟದಪುರದ ಹೆಸರೇ ಇದೆ. ಆಚಾರವನ್ನು ಬಿಟ್ಟು ಗುಡಿಯನ್ನು ಮಾತ್ರ ಹಿಡಿದುಕೊಂಡರೆ ಶರಣರ ಮಾತು ನಮ್ಮ ಮೇಲೆಯೇ ತಿರುಗುತ್ತದೆ. ಯಾವ ಕಲ್ಲಿನ ಮುಂದೆ ನಿಂತರೂ ಆ ಎಚ್ಚರ ಇರಬೇಕು.

ನಾಲ್ಕನೆಯ ದಿನ ದಕ್ಷಿಣಕ್ಕೆ ತಿರುಗಿ ಪಿರಿಯಾಪಟ್ಟಣವನ್ನು ಸೇರಿದೆವು. ರುದ್ರಗಣನೆಂಬ ಹೆಸರೂ ಇದ್ದ ಪಿರಿಯರಾಜನು ಹದಿನಾರನೆಯ ಶತಮಾನದ ಕೊನೆಯಲ್ಲಿ ಸಿಂಗಪಟ್ಟಣವೆಂಬ ಹಳೆಯ ಊರನ್ನು ಹೊಸದಾಗಿ ಕಟ್ಟಿ ತನ್ನ ಹೆಸರಿಟ್ಟನು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯವು ೧೬೪೪ರಲ್ಲಿ ಈ ಕೋಟೆಯನ್ನು ಹಿಡಿದಾಗ ಕಡೆಯ ಅರಸ ವೀರರಾಜನು ಮಡದಿಮಕ್ಕಳು ಶತ್ರುವಿನ ಕೈಸೇರಬಾರದೆಂದು ಅವರನ್ನು ಕೊಂದು ತಾನೂ ಕಾದಿ ಮಡಿದನೆಂದು ಚರಿತ್ರಕಾರರು ಬರೆದಿದ್ದಾರೆ. ಆರೇಳು ಶತಮಾನಗಳ ವಂಶ ಅಲ್ಲಿಗೆ ಮುಗಿಯಿತು. ಅದು ಧರ್ಮಗಳ ಕಾಳಗವಲ್ಲ, ರಾಜ್ಯದಾಸೆಯ ಕಾಳಗ. ಗೆದ್ದ ಒಡೆಯರ ಕೀರ್ತಿಯನ್ನು ಗೋವಿಂದವೈದ್ಯನು ೧೬೪೮ರಲ್ಲಿ ಕಂಠೀರವ ನರಸರಾಜ ವಿಜಯವೆಂಬ ಕಾವ್ಯವಾಗಿ ಬರೆದನು. ಸೋತ ವೀರರಾಜನಿಗೆ ಆಸ್ಥಾನಕವಿ ಇರಲಿಲ್ಲ; ಪಿರಿಯಾಪಟ್ಟಣದ ಕಾಳಗವನ್ನು ಜನಪದರು ಹಾಡಿ ಉಳಿಸಿಕೊಂಡರು. ಮುಂದೆ ೧೭೯೧ರಲ್ಲಿ, ಟಿಪ್ಪು ಸುಲ್ತಾನನ ಕಾಲದ ಯುದ್ಧದಲ್ಲಿ, ಅಬರ್‌ಕ್ರಾಂಬಿಯ ಸೈನ್ಯ ಕೊಡಗಿನಿಂದ ಇಳಿದು ಬಂದಾಗ ಕೋಟೆ ಇನ್ನಷ್ಟು ಹಾಳಾಯಿತು. ಈಗ ಉಳಿದಿರುವುದು ಮುರಿದ ಗೋಡೆ, ಪೊದೆ ಬೆಳೆದ ಕಂದಕ. ಊರಿನ ಜನ ಎಂದಿನಂತೆ ಮಸಣಿಕಮ್ಮನ ಗುಡಿಗೆ ಹೋಗಿಬರುತ್ತಾರೆ.

ಕಂದಕದ ದಂಡೆಯ ಮೇಲೆ ಕುಳಿತು ನಾಲ್ಕು ದಿನಗಳ ದಾರಿಯನ್ನು ಹಿಂದಿರುಗಿ ನೋಡಿದೆ. ಅರಸರು ಬಲದಿಂದ ಕಟ್ಟಿದ ಕೋಟೆ ಉಳಿಯಲಿಲ್ಲ. ಧರ್ಮಬುದ್ಧಿಯಿಂದ ಕಟ್ಟಿದ ಬಸದಿಯೂ ಬೆಟ್ಟದ ಗುಡಿಯೂ ಉಳಿದಿವೆ. ಎರಡನ್ನೂ ಒಂದೇ ವಂಶ ಕಾಪಾಡಿತು. ಇದನ್ನು ಬಿಟ್ಟು ಒಂದು ಧರ್ಮ ಇನ್ನೊಂದನ್ನು ಅಟ್ಟಿತೆಂಬ ಕಥೆಯನ್ನು ಮಕ್ಕಳಿಗೆ ಹೇಳುವುದರಿಂದ ವೀರಶೈವದ ಹಿರಿಮೆ ಹೆಚ್ಚುವುದಿಲ್ಲ. ಅದರ ನಿಜವಾದ ಹಿರಿಮೆಯಾದ ಅನ್ನದಾನವನ್ನು ನಾವೇ ಮುಚ್ಚಿಹಾಕಿದಂತಾಗುತ್ತದೆ. ನಾನೂ ಆ ತಪ್ಪನ್ನು ಮಾಡಿದವನಾದ್ದರಿಂದ ಇದನ್ನು ಹೇಳುವ ಹೊಣೆ ನನ್ನ ಮೇಲಿದೆ.

ನಮ್ಮ ಮಠಗಳಿಗೂ ಊರಿನ ಹಿರಿಯರಿಗೂ ಒಂದು ಬಿನ್ನಹ. ನಿಮ್ಮ ಊರಿನ ಶಾಸನ ಯಾವ ಧರ್ಮದ್ದೇ ಆಗಿರಲಿ, ಅದಕ್ಕೆ ಸುಣ್ಣ ಬಣ್ಣ ಬಳಿಯದಿರಿ, ಬಟ್ಟೆ ಒಗೆಯುವ ಕಲ್ಲಾಗಿಸದಿರಿ. ಬಲ್ಲವರಿಂದ ಓದಿಸಿ, ಅದರ ಸಾರವನ್ನು ತಿಳಿಗನ್ನಡದಲ್ಲಿ ಒಂದು ಹಲಗೆಯ ಮೇಲೆ ಬರೆಸಿ ಪಕ್ಕದಲ್ಲಿ ನಿಲ್ಲಿಸಿ. ಮಕ್ಕಳನ್ನು ಬೆಟ್ಟದಪುರಕ್ಕೆ ಕರೆದೊಯ್ಯುವಾಗ ಚಿಕ್ಕಹನಸೋಗೆಯನ್ನೂ ತೋರಿಸಿ. ಸಾಧ್ಯವಾದರೆ ನಡಿಗೆಯಲ್ಲಿ ಕರೆದೊಯ್ಯಿರಿ. ದಾರಿಯಲ್ಲಿ ಹಸಿವಾಗುತ್ತದೆ, ಯಾರೋ ಕರೆದು ಉಣಬಡಿಸುತ್ತಾರೆ. ಅನ್ನದಾನಿ ಎಂಬ ಹೆಸರಿನ ಅರ್ಥ ಅವರಿಗೆ ಆಗ ತಿಳಿಯುತ್ತದೆ.